ನೋವು ನಿಂತಿದೆ, ಆದರೂ ರೂಟ್ ಕೆನಾಲ್ ಬೇಕಂತೆ. ಯಾಕೆ?

ಮಂಡಿ ಲೆಕ್ಕ, ಕೋಲಾರ

ನನಗೆ 41 ವರ್ಷ. ಎಪಿಎಂಸಿಯಲ್ಲಿ ಟೊಮೆಟೊ ಮಂಡಿಯ ಲೆಕ್ಕ ಬರೆಯುತ್ತೇನೆ. ಕೆಳಗಿನ ಎಡ ದವಡೆ ಹಲ್ಲಿನಲ್ಲಿ ಎರಡು ವರ್ಷದಿಂದ ಒಂದು ತೂತು. ನಮ್ಮದು ರಾತ್ರಿ ಮುದ್ದೆ, ಬಸ್ಸಾರು. ಮುದ್ದೆ ನುಂಗುವುದೇ ಹೊರತು ಅಗಿಯುವುದಲ್ಲ. ಹಲ್ಲಿಗೆ ಕೆಲಸವೇ ಇಲ್ಲ, ಹಾಗಾಗಿ ತೂತಿನ ನೆನಪೂ ಇರಲಿಲ್ಲ.

ಮೊದಲು ತಣ್ಣೀರು ತಾಗಿದರೆ ಜುಂ ಅಂದು ತಕ್ಷಣ ಹೋಗುತ್ತಿತ್ತು. ಹೋದ ತಿಂಗಳಿಂದ ಬಿಸಿ ಟೀ ಕುಡಿದರೆ ಕಾಲು ಗಂಟೆ ನೋವು. ಆಮೇಲೆ ಎರಡು ರಾತ್ರಿ ನಿದ್ದೆಯೇ ಇಲ್ಲ. ಮಲಗಿದರೆ ಜಾಸ್ತಿ, ಎದ್ದು ಕೂತರೆ ಸ್ವಲ್ಪ ಕಮ್ಮಿ. ಲವಂಗ ಕಚ್ಚಿಕೊಂಡು ಗೋಡೆಗೆ ಒರಗಿ ಬೆಳಗು ಮಾಡಿದೆ. ಮೂರನೇ ದಿನ ನೋವು ತಾನಾಗಿಯೇ ನಿಂತಿತು! ಈಗ ಬಿಸಿ, ತಣ್ಣಗೆ ಏನೂ ಗೊತ್ತಾಗುವುದಿಲ್ಲ. ಡಾಕ್ಟ್ರು ಎಕ್ಸ್‌ರೇ ತೆಗೆದು ರೂಟ್ ಕೆನಾಲ್ ಮಾಡಿಸಿ, ಮೇಲೆ ಕ್ಯಾಪ್ ಹಾಕಿಸಿ ಅಂದರು. ನೋವೇ ಇಲ್ಲದ ಹಲ್ಲಿಗೆ ಇದೆಲ್ಲ ದುಡ್ಡಿನ ಆಟ ಅಲ್ವಾ? ಸುಮ್ನೆ ಕೀಳಿಸಿದರೆ ಆಗಲ್ವಾ?

ರೇಷ್ಮೆ ನೂಲು, ಶಿಡ್ಲಘಟ್ಟ

ಅಣ್ಣಾ, ನಾನೂ ಹೀಗೇ ಅಂದುಕೊಂಡು ಡಾಕ್ಟ್ರ ಕಡೆ ತಲೆ ಹಾಕಲಿಲ್ಲ. ಐದು ತಿಂಗಳಾದ ಮೇಲೆ ವಸಡಿನಲ್ಲಿ ಸಾಸಿವೆ ಕಾಳಿನಷ್ಟು ಗುಳ್ಳೆ. ಒತ್ತಿದರೆ ಉಪ್ಪುಪ್ಪು ಕೀವು. ಅದೂ ನೋಯಲಿಲ್ಲ ನೋಡಿ, ಅದಕ್ಕೇ ಸುಮ್ಮನಿದ್ದೆ. ಒಂದು ಬೆಳಿಗ್ಗೆ ಎದ್ದರೆ ಕೆನ್ನೆ ಊದಿ ಕಣ್ಣು ಅರ್ಧ ಮುಚ್ಚಿತ್ತು. ಹಲ್ಲು ಅಷ್ಟರಲ್ಲಿ ಸೀಳಿತ್ತು, ಉಳಿಯಲಿಲ್ಲ.

ನಮ್ಮ ರೇಷ್ಮೆ ಗೂಡಿನ ಲೆಕ್ಕ ಹೇಳುತ್ತೇನೆ. ಒಳಗೆ ಹುಳ ಸತ್ತರೆ ಅಲ್ಲಾಡುವುದಿಲ್ಲ, ಗೂಡು ಹೊರಗೆ ಚೆನ್ನಾಗಿಯೇ ಕಾಣುತ್ತದೆ. ಕೊಳೆತ ಮೇಲೆ ಕಲೆ ಹೊರಗೆ ಬರುತ್ತದೆ. ನಿಮ್ಮ ಹಲ್ಲೂ ಹಾಗೇ ಒಳಗೆ ಸುಮ್ಮನಾಗಿದೆ, ಅಷ್ಟೇ.

ಹಲ್ಲಿನ ಡಾಕ್ಟ್ರು, ತುಮಕೂರು

ಶಿಡ್ಲಘಟ್ಟದವರ ಗೂಡನ್ನು ನಾಳೆಯಿಂದ ನನ್ನ ಪೇಷಂಟ್‌ಗಳಿಗೂ ಹೇಳುತ್ತೇನೆ.

ಪ್ರತಿ ಹಲ್ಲಿನ ಒಳಗೆ ನರ, ರಕ್ತನಾಳ ಇರುವ ಮೆತ್ತಗಿನ ಭಾಗವಿದೆ, ಅದು ಪಲ್ಪ್. ತಣ್ಣಗೆ ತಾಗಿ ಕ್ಷಣದಲ್ಲಿ ಹೋಗುವ ಜುಂ ಇದ್ದಾಗ ಬಂದಿದ್ದರೆ ಬಹುಶಃ ಬರೀ ಫಿಲ್ಲಿಂಗ್ ಸಾಕಿತ್ತು. ಬಿಸಿಗೆ ಬಂದು ಬಹಳ ಹೊತ್ತು ನಿಲ್ಲುವ ನೋವು, ರಾತ್ರಿ ಎಬ್ಬಿಸುವ ನೋವು ಬಂದರೆ ಪಲ್ಪ್ ಸುಧಾರಿಸುವ ಹಂತ ದಾಟಿದೆ ಅಂತ ಲೆಕ್ಕ. ಅದು ಊದಿಕೊಳ್ಳಲು ಗಟ್ಟಿ ಹಲ್ಲಿನೊಳಗೆ ಜಾಗವಿಲ್ಲ. ಮಲಗಿದಾಗ ತಲೆ ಕಡೆ ರಕ್ತದ ಒತ್ತಡ ಜಾಸ್ತಿ, ಅದಕ್ಕೇ ನೀವು ಕೂತು ರಾತ್ರಿ ಕಳೆದದ್ದು. ತಟ್ಟನೆ ನೋವು ನಿಂತದ್ದು ನರ ಸತ್ತದ್ದಕ್ಕೆ ಇರಬಹುದು. ಸೋಂಕು ಮಾತ್ರ ಬೇರಿನ ತುದಿಯಿಂದ ಮೂಳೆಗೆ ಇಳಿಯುತ್ತದೆ. ಎಕ್ಸ್‌ರೇಯಲ್ಲಿ ಅಲ್ಲಿ ಕಪ್ಪು ನೆರಳು ಇದೆಯಾ ಅಂತ ಕೇಳಿ ನೋಡಿ.

ಮಾತ್ರೆಯಿಂದ ಇದು ವಾಸಿಯಾಗುವುದಿಲ್ಲ. ಸತ್ತ ಹಲ್ಲಿನೊಳಗೆ ರಕ್ತವೇ ಓಡುವುದಿಲ್ಲ, ಔಷಧಿ ಹೋಗುವುದು ಹೇಗೆ? ರೂಟ್ ಕೆನಾಲ್‌ನಲ್ಲಿ ಬೇರಿನ ಒಳಗಿನ ಕಾಲುವೆಗಳನ್ನು ಫೈಲ್ ಅನ್ನುವ ಸೂಜಿಯಂಥ ಸಣ್ಣ ಅರಗಳಿಂದ ಕೆರೆದು, ತೊಳೆದು, ಗಟ್ಟಾ ಪರ್ಚಾ ಅನ್ನುವ ರಬ್ಬರಿನಂಥ ವಸ್ತು ತುಂಬುತ್ತಾರೆ. ನಿಮ್ಮ ಹಲ್ಲಿಗೆ ಸಾಮಾನ್ಯವಾಗಿ ಮೂರು ಕಾಲುವೆ, ಕೆಲವರಿಗೆ ನಾಲ್ಕು. ಇಷ್ಟು ಟೊಳ್ಳಾದ ದವಡೆ ಹಲ್ಲು ಕ್ಯಾಪ್ ಇಲ್ಲದಿದ್ದರೆ ಸೀಳಬಹುದು.

ಕೀಳಿಸಬಹುದು, ತಪ್ಪೇನಿಲ್ಲ. ಆದರೆ ಆ ಜಾಗಕ್ಕೆ ಪಕ್ಕದ ಹಲ್ಲು ವಾಲುತ್ತದೆ, ಮೇಲಿನದು ಇಳಿಯುತ್ತದೆ. ಖರ್ಚಿನ ಚಿಂತೆಯಿದ್ದರೆ ಕೆಜಿಎಫ್‌ನ ಡೆಂಟಲ್ ಕಾಲೇಜಿನಲ್ಲಿ ವಿಚಾರಿಸಿ. ಕಾಲೇಜುಗಳಲ್ಲಿ ಸಾಮಾನ್ಯವಾಗಿ ದುಡ್ಡು ಕಮ್ಮಿ, ಕಾಯುವುದು ಜಾಸ್ತಿ. ಮುಖ ಊದಿ ಜ್ವರ ಬಂದರೆ, ಬಾಯಿ ತೆರೆಯಲು, ನುಂಗಲು ಕಷ್ಟವಾದರೆ ಮಾತ್ರ ಅದೇ ದಿನ ಆಸ್ಪತ್ರೆಗೆ ಓಡಿ.

ಅಂದಹಾಗೆ, ಪಾವಗಡದ ಕಡೆಯಿಂದ ಹಲ್ಲು ಕಂದಾಗಿದೆ, ರೂಟ್ ಕೆನಾಲ್ ಮಾಡಿ ಅಂತ ಬರುವವರಿದ್ದಾರೆ. ಅದು ಬೋರ್‌ವೆಲ್ ನೀರಿನ ಫ್ಲೋರೈಡ್ ಕಲೆ. ಬರೀ ಕಲೆಗೆ ರೂಟ್ ಕೆನಾಲ್ ಬೇಡ.

ಮಂಡಿ ಲೆಕ್ಕ, ಕೋಲಾರ

ನಿನ್ನೆ ಶುರು ಮಾಡಿಸಿದೆ. ನೆರಳು ಇತ್ತು, ಕಡಲೆ ಕಾಳಿನಷ್ಟು. ಹಲ್ಲು ಕೊರೆದಾಗ ಬಂದ ವಾಸನೆ ಇದೆಯಲ್ಲ, ಮಂಡಿ ಹಿಂದೆ ಮೂರು ದಿನ ಬಿದ್ದಿರುವ ಕ್ರೇಟ್‌ನದು. ಅದು ನನ್ನ ಬಾಯೊಳಗೇ ಇತ್ತು! ಇಂಜೆಕ್ಷನ್ ಚುಚ್ಚಿದ್ದು ಬಿಟ್ಟರೆ ನೋಯಲಿಲ್ಲ. ಕಾಲುವೆ ಮೂರೇ.

ಕ್ಯಾಪ್ ಹಾಕುವವರೆಗೆ ಆ ಕಡೆ ಗಟ್ಟಿ ಪದಾರ್ಥ ಅಗಿಯಬೇಡಿ ಅಂದರು. ಮುದ್ದೆ ತಿನ್ನಬಹುದಾ ಅಂದೆ. ಅವರೂ ನಮ್ಮ ಕಡೆಯವರೇ, ನಕ್ಕುಬಿಟ್ಟರು.