ಅಪ್ಪ, ಮಗಳು, ನಾನು: ದಾಂಡೇಲಿ ಕಡೆ 3 ದಿನ ಸಾಕಾ?

ತಿಪಟೂರಿನವಳು:
ನಮಸ್ಕಾರ. ಜನವರಿ ಕೊನೆಯಲ್ಲಿ ದಾಂಡೇಲಿ, ಜೋಯಿಡಾ ಕಡೆ ಹೊರಟಿದ್ದೇವೆ. ನಾನು, 9 ವರ್ಷದ ಮಗಳು, 71ರ ಅಪ್ಪ. ಅಪ್ಪನಿಗೆ ಮಂಡಿನೋವು, ಆದರೆ ಒಪ್ಪಿಕೊಳ್ಳುವುದಿಲ್ಲ. ಮಗಳಿಗೆ ಹುಲಿ ನೋಡಬೇಕು. ನನಗೆ ಆಫೀಸಿನವರ ಫೋನು ಬರದಿದ್ದರೆ ಸಾಕು.
ವಿಡಿಯೋಗಳನ್ನು ನೋಡಿ ಪಟ್ಟಿ ಮಾಡಿಕೊಂಡೆ: ಸಫಾರಿ, ರಾಫ್ಟಿಂಗ್, ಸಿಂಥೇರಿ ರಾಕ್ಸ್, ಕವಳಾ ಗುಹೆ, ಸೂಪಾ ಡ್ಯಾಂ, ಉಳವಿ, ಅಣಶಿ, ಕೊನೆಗೆ ಕಾರವಾರದ ಬೀಚು. ಎಲ್ಲ ಆಗುತ್ತಾ? ಆಗದಿದ್ದರೆ ಯಾವುದು ಬಿಡಲಿ?

ಬುಲೆಟ್ ಬಸು:
ಆರಾಮಾಗಿ ಆಗುತ್ತೆ ಮೇಡಂ. ನಾವು ಹುಡುಗರು 2 ದಿನದಲ್ಲಿ ಎಲ್ಲಾ ಮುಗಿಸಿ ಗೋವಾಕ್ಕೂ ಹೋಗಿ ಬಂದೆವು. ಬೆಳಿಗ್ಗೆ 5ಕ್ಕೆ ಗಾಡಿ ಹತ್ತಿದರೆ ಆಯಿತು.

ಹಳೇ ಸೂಪಾ:
ಬಸು ತಮ್ಮ, ನೀವು ನೋಡಿದ್ದು ರಸ್ತೆ.

ತಂಗಿ, ನಾನು ದಾಂಡೇಲಿಯವನೇ. ಮೊದಲು ಬೀಚು ಬಿಡಿ. ಕಾಳಿ ನದಿ ಕೊನೆಗೆ ಸಮುದ್ರ ಸೇರುವುದು ಕಾರವಾರದಲ್ಲೇ, ನಿಜ. ಆದರೆ ಅದರ ಹಿಂದೆ ಘಟ್ಟ ಇಳಿದು ಹೋದರೆ ನಿಮ್ಮ ಒಂದು ದಿನ ತಿರುವುಗಳಲ್ಲೇ ಕಳೆಯುತ್ತದೆ. ಮಗು ವಾಂತಿ ಮಾಡಿಕೊಂಡರೆ ಇನ್ನೂ ಚೆಂದ. ಹಾಗೆಯೇ ಕವಳಾ ಗುಹೆಯನ್ನೂ ಬಿಡಿ. ಒಳಗಿನ ಲಿಂಗ ನೋಡಲು ನೂರಾರು ಮೆಟ್ಟಿಲು, ಆಮೇಲೆ ಕತ್ತಲಲ್ಲಿ ಬಗ್ಗಿಕೊಂಡು ನಡಿಗೆ. ಅಪ್ಪನವರು "ನಾನು ಬರ್ತೀನಿ" ಅಂದೇ ಅನ್ನುತ್ತಾರೆ. ಅವರ ಮುಂದೆ ಗುಹೆಯ ಸುದ್ದಿಯನ್ನೇ ಎತ್ತಬೇಡಿ.

ಸಿಂಥೇರಿಗೆ ಹೋಗಿ. ಸುಮಾರು 300 ಅಡಿಯ ಒಂದೇ ಬಂಡೆ, ಕೆಳಗೆ ಕಾನೇರಿ ಹೊಳೆ. ಬಂಡೆಗೆ ಹೆಜ್ಜೇನು ಕಟ್ಟಿರುತ್ತದೆ, ಗಲಾಟೆ ಬೇಡ. ಅಲ್ಲಿಯೂ ಮೆಟ್ಟಿಲಿದೆ, ಅರ್ಧ ಇಳಿದು ಕೂತರೂ ಬಂಡೆ ಕಾಣುತ್ತದೆ. ನೀರಿಗೆ ಮಾತ್ರ ಇಳಿಯಬೇಡಿ. ಮೇಲಿಂದ ತಣ್ಣಗೆ ಕಾಣುವ ಮಡುವು ಆಳ, ಸುಳಿ ಇದೆ.

ಸಫಾರಿ ಜೀಪು ಪಣಸೋಲಿಯಿಂದ ಹೊರಡುತ್ತದೆ. ಈ ಕಾಡು 2007ರಲ್ಲಿ ದಾಂಡೇಲಿ-ಅಣಶಿ ಹುಲಿ ಸಂರಕ್ಷಿತ ಪ್ರದೇಶವಾಯಿತು, 2015ರಲ್ಲಿ ಕಾಳಿ ಎಂದು ಹೆಸರು ಬದಲಾಯಿತು. ಹುಲಿ ಇದೆ. ಕಾಣುತ್ತದಾ? ಕಬಿನಿ, ಬಂಡೀಪುರದ ಲೆಕ್ಕ ಇಲ್ಲಿ ನಡೆಯುವುದಿಲ್ಲ. ದಟ್ಟ ಕಾಡು, ಹತ್ತು ಮಾರು ಆಚೆ ಏನಿದೆಯೋ ತಿಳಿಯದು. ನಾನು ಇಷ್ಟು ವರ್ಷದಲ್ಲಿ ಕರಿಚಿರತೆಯನ್ನು ಒಮ್ಮೆ ನೋಡಿದ್ದೇನೆ, ಅದೂ ಬಾಲ. ಮಗಳಿಗೆ ಮೊದಲೇ ಹೇಳಿಡಿ: ಕಾಡೆಮ್ಮೆ, ಜಿಂಕೆ, ಕೆಂಜಳಿಲು ಕಂಡರೆ ದುಡ್ಡು ವಸೂಲಿ.

ರಾಫ್ಟಿಂಗ್ ವಿಷಯ ಎಲ್ಲರೂ ತಪ್ಪು ತಿಳಿದಿದ್ದಾರೆ. ಹೊಳೆಯ ರಭಸ ಮಳೆಯಿಂದ ಅಲ್ಲ, ಗಣೇಶಗುಡಿಯ ಪವರ್‌ಹೌಸಿನಿಂದ. ಕರೆಂಟಿಗೆ ಸೂಪಾದ ನೀರು ಬಿಟ್ಟರೆ ಹೊಳೆ ಏರುತ್ತದೆ, ನಿಲ್ಲಿಸಿದರೆ ಬಂಡೆ ಎದ್ದು ಕಾಣುತ್ತವೆ. ಅದಕ್ಕೇ ಬೇಸಿಗೆಯಲ್ಲೂ ರಾಫ್ಟಿಂಗ್ ನಡೆಯುವುದು. ಮಾವಳಂಗಿ ಕಡೆ ಬಂಡೆ ಮೇಲೆ ಕಾಲು ಇಳಿಬಿಟ್ಟು ಕೂತಾಗಲೂ ಇದು ನೆನಪಿರಲಿ. ಮೊಣಕಾಲುದ್ದದ ನೀರು ಅಂತ ಮಗುವನ್ನು ನಡುಹೊಳೆಗೆ ಬಿಡಬೇಡಿ, ಬೋಟಿನ ಹುಡುಗರನ್ನು ಕೇಳಿ. ಇನ್ನೊಂದು, ದಾಂಡೇಲಿ ಊರ ಹತ್ತಿರ ಮೊಸಳೆಗಳಿವೆ. ಅಲ್ಲಿ ದಡದಲ್ಲೂ ಆಟ ಬೇಡ.

ಸೂಪಾ ಡ್ಯಾಂ ಮೇಲೆ ಸುಮ್ನೆ ಹೋಗಲು ಬಿಡುವುದಿಲ್ಲ. ಹಿನ್ನೀರು ನೋಡಿ ಸಾಕು. ನನ್ನ ತಾಯಿಯ ತವರು ಆ ನೀರಿನಡಿ ಇದೆ. ಕಾಳಿಗೆ ಪಾಂಡ್ರಿ ಹೊಳೆ ಬಂದು ಸೇರುವಲ್ಲಿ ಸೂಪಾ ಊರಿತ್ತು. 101 ಮೀಟರ್ ಎತ್ತರದ ಅಣೆಕಟ್ಟು ಎದ್ದಿತು, ಊರವರು ರಾಮನಗರಕ್ಕೆ ಬಂದರು, ತಾಲ್ಲೂಕು ಕಚೇರಿ ಜೋಯಿಡಾಕ್ಕೆ ಹೋಯಿತು. ಅವ್ವ ಸಾಯುವತನಕ ಜೋಯಿಡಾ ತಾಲ್ಲೂಕು ಅನ್ನಲಿಲ್ಲ. ಈಗ ಅಲ್ಲಿ ಜನ ಸೆಲ್ಫಿ ತೆಗೆಯುತ್ತಾರೆ. ತೆಗೆಯಲಿ ಬಿಡಿ, ನೀರು ಚೆಂದವೇ ಇದೆ.

ದುರ್ಬೀನು:
ಹುಲಿ ಹುಲಿ ಅಂತ ಹಕ್ಕಿಗಳನ್ನೇ ಮರೆತಿರಲ್ಲ! ದಾಂಡೇಲಿಯಲ್ಲಿ 4 ಜಾತಿಯ ಮಂಗಟ್ಟೆ (ಹಾರ್ನ್‌ಬಿಲ್) ಹಕ್ಕಿಗಳಿವೆ. 2011ರಲ್ಲಿ ಅವುಗಳಿಗೆಂದೇ ಒಂದು ಸಂರಕ್ಷಿತ ಪ್ರದೇಶ ಮಾಡಿದ್ದಾರೆ. ಬೆಳಿಗ್ಗೆ ಬೇಗ ಟಿಂಬರ್ ಡಿಪೋಗೆ ಹೋಗಿ, ಗೇಟಿನಲ್ಲಿ ಕೇಳಿ ಒಳಗೆ ಹೋಗಿ. ಮರದ ದಿಮ್ಮಿಗಳ ನಡುವೆ ಹಕ್ಕಿ ನೋಡುವುದು ವಿಚಿತ್ರ ಅನ್ನಿಸುತ್ತದೆ, ಆದರೆ ಅಲ್ಲಿ ಕಂಡಷ್ಟು ನನಗೆ ಕಾಡೊಳಗೂ ಕಂಡಿಲ್ಲ. ದೊಡ್ಡ ಮಂಗಟ್ಟೆ ಹಾರಿದರೆ ತೆಂಗಿನ ಗರಿ ನೆಲದ ಮೇಲೆ ಎಳೆದ ಹಾಗೆ ಸದ್ದು. ಮೊದಲು ಕಿವಿಗೆ, ಆಮೇಲೆ ಕಣ್ಣಿಗೆ.

ಮಗಳಿಗೆ ಈ ಕತೆ ಹೇಳಿ: ಹೆಣ್ಣು ಹಕ್ಕಿ ಮರದ ಪೊಟರೆಯೊಳಗೆ ಕೂತು ಬಾಗಿಲನ್ನು ತಾನೇ ಮುಚ್ಚಿಕೊಳ್ಳುತ್ತದೆ. ಒಂದು ಸಣ್ಣ ಸೀಳು ಮಾತ್ರ. ಗಂಡು ಹಣ್ಣು ತಂದು ಅದರಲ್ಲೇ ಉಣಿಸಬೇಕು, ವಾರಗಟ್ಟಲೆ. ಗೂಡು ಕಂಡರೆ ಹತ್ತಿರ ಹೋಗಬೇಡಿ. ಗಂಡು ಹೆದರಿ ತಿರುಗಿ ಹೋದರೆ ಒಳಗಿನವರು ಉಪವಾಸ.

ತಿಪಟೂರಿನವಳು:
ಧನ್ಯವಾದ ಅಣ್ಣ, ಬೀಚು, ಗುಹೆ ಎರಡೂ ಬಿಟ್ಟೆ. ಉಳವಿ? ಅಪ್ಪ ಕನ್ನಡ ಮೇಷ್ಟ್ರಾಗಿದ್ದವರು, ದಿನಾ ವಚನ ಓದುತ್ತಾರೆ.

ಹಳೇ ಸೂಪಾ:
ಹಾಗಾದರೆ ಉಳವಿ ಬಿಡಲೇಬೇಡಿ. ಕಲ್ಯಾಣದ ಗಲಭೆಯ ನಂತರ ಶರಣರು ಬಂದು ಸೇರಿದ ಊರು, ಚೆನ್ನಬಸವಣ್ಣನವರ ಸಮಾಧಿ ಇದೆ. ಭಾರತ ಹುಣ್ಣಿಮೆಯ ಜಾತ್ರೆಗೆ ಬೆಳಗಾವಿ, ಧಾರವಾಡ ಕಡೆಯಿಂದ ಈಗಲೂ ಚಕ್ಕಡಿ ಕಟ್ಟಿಕೊಂಡು ಬರುತ್ತಾರೆ. ದಾರಿಯಲ್ಲಿ ಜೋಯಿಡಾದಲ್ಲಿ ಕುಣಬಿ ಸಮುದಾಯದವರು ಬೆಳೆಯುವ ಗೆಡ್ಡೆ ಸಿಕ್ಕರೆ ತೆಗೆದುಕೊಳ್ಳಿ. ಮುಡ್ಲಿ ಅಂತ ಕೇಳಿ. ಜನವರಿಯಲ್ಲಿ ಅಲ್ಲಿ ಗೆಡ್ಡೆ-ಗೆಣಸಿನ ಮೇಳವೂ ಆಗುತ್ತದೆ.

ರೂಮು ಹಿಡಿಯುವಾಗ ಒಂದು ಮಾತು ಕೇಳಿ: "ರಾತ್ರಿ ಡಿಜೆ ಇದೆಯಾ?" ನನ್ನ ಭಾವ ಬಂದಾಗ ಹೊಳೆದಂಡೆಯ ಒಂದು ಕಡೆ ಇಳಿಸಿದ್ದೆ. ರಾತ್ರಿ 11ರ ತನಕ ಕಾಡಿನ ಸದ್ದಲ್ಲ, ಸಿನಿಮಾ ಹಾಡು. ಭಾವ ಈಗಲೂ ಆಡಿಕೊಳ್ಳುತ್ತಾನೆ.

ತಿಪಟೂರಿನವಳು:
ಹೋಗಿ ಬಂದೆವು! ಹುಲಿ ಇಲ್ಲ. ಜೀಪಿನವರು ಮರದ ಕಾಂಡದಿಂದ ಕಾಂಡಕ್ಕೆ ತೇಲಿದ ಹಾರುವ ಓತಿ ತೋರಿಸಿದರು. ಮಗಳು ಶಾಲೆಯಲ್ಲಿ ಡೈನೋಸಾರ್ ಮರಿ ನೋಡಿದೆ ಎಂದು ಹೇಳಿಕೊಂಡು ಬಂದಿದ್ದಾಳೆ. ಡಿಪೋದಲ್ಲಿ 7 ಮಂಗಟ್ಟೆ. ಸಿಂಥೇರಿಯಲ್ಲಿ ಅಪ್ಪ ಪೂರ್ತಿ ಇಳಿದರು, ಹತ್ತಲು ಮುಕ್ಕಾಲು ಗಂಟೆ. ಉಳವಿಯಲ್ಲಿ ಒಂದು ಮಾತೂ ಆಡದೆ ಕೂತಿದ್ದರು, ಎಬ್ಬಿಸಲು ಮನಸ್ಸಾಗಲಿಲ್ಲ. ಸಿಂಥೇರಿ ಆದ ಮೇಲೆ ರಾಫ್ಟಿಂಗ್ ಯಾರಿಗೂ ಬೇಡವಾಯಿತು.

ಹಿನ್ನೀರಿನ ಹತ್ತಿರ ನಿಮ್ಮ ತಾಯಿಯ ಊರಿನ ವಿಷಯ ಹೇಳಿದೆ. ಮಗಳು ಕೇಳಿದಳು, ಮನೆಗಳು ಈಗಲೂ ನೀರಿನೊಳಗೆ ಇವೆಯಾ ಅಂತ. ಏನು ಹೇಳಲಿ ಅಣ್ಣ?

ಹಳೇ ಸೂಪಾ:
ಗೋಡೆಗಳ ಮಾತು ಬಿಡಿ, ಮಣ್ಣಿನವು. ಆದರೆ ಅಜ್ಜ ಹಂಚು, ತೊಲೆ, ಬಾಗಿಲು ಎಲ್ಲ ಬಿಚ್ಚಿ ಗಾಡಿಗೆ ಹೇರಿಕೊಂಡು ಬಂದಿದ್ದ. ಆ ಬಾಗಿಲು ಈಗ ರಾಮನಗರದಲ್ಲಿ ನನ್ನ ಸೋದರಮಾವನ ಮನೆಗೆ ಇದೆ. ಮುಂದಿನ ಸಲ ಬಂದಾಗ ಮಗಳಿಗೆ ತೋರಿಸುತ್ತೇನೆ. ಅಪ್ಪನವರನ್ನೂ ಕರೆತನ್ನಿ, ಅಲ್ಲಿ ಮೆಟ್ಟಿಲಿಲ್ಲ.