‘ವಿಂಡ್‌ಶೀಲ್ಡ್’ಗೆ ಮುಂಗಾಜು ಸಾಕೆ? ಅದರ ಹಿಂದಿನ ಕ್ಯಾಮೆರಾದ ‘ನಂಬರು ತೆಗೆಸುವುದಕ್ಕೆ’ ಏನೆನ್ನೋಣ?

ಬಳಗದ ಎಲ್ಲರಿಗೂ ಧಾರವಾಡದಿಂದ ನಮಸ್ಕಾರ.

ಹುಬ್ಬಳ್ಳಿಯಲ್ಲಿ ಕಾರುಗಳ ಗಾಜು ಬದಲಿಸುವ ಅಂಗಡಿ ನಡೆಸುತ್ತಿರುವ ಪರಿಚಿತರೊಬ್ಬರು, ಗಿರಾಕಿಗಳ ಕೈಗೆ ಕೊಡಲು ಒಂದು ಪುಟದ ತಿಳಿವಳಿಕೆ ಪತ್ರವನ್ನು ಕನ್ನಡದಲ್ಲಿ ಬರೆದುಕೊಡಬೇಕೆಂದು ನನ್ನನ್ನು ಕೇಳಿದ್ದಾರೆ. ದುಬಾರಿ ವಿದ್ಯುತ್ ಕಾರುಗಳು ಊರಿಗೆ ಬಂದ ಮೇಲೆ ಮುಂದಿನ ಗಾಜು ಬದಲಿಸುವುದು ಒಂದೆರಡು ತಾಸಿನ ಕೆಲಸವಾಗಿ ಉಳಿದಿಲ್ಲ. ಬೆಳಿಗ್ಗೆ ಬಿಟ್ಟ ಗಾಡಿಯನ್ನು ಮಧ್ಯಾಹ್ನವೇ ಕೇಳುವವರಿಗೆ ಏಕೆ ತಡವಾಗುತ್ತದೆ, ಬಿಲ್ಲಿನಲ್ಲಿ ಗಾಜಿನ ಬೆಲೆಯ ಕೆಳಗೆ ಇನ್ನೂ ಎರಡು ಸಾಲು ಏಕಿವೆ ಎಂಬುದನ್ನು ದಿನವೂ ಹೇಳಿ ಹೇಳಿ ಸಾಕಾಗಿದೆ ಎಂಬುದು ಅವರ ಅಳಲು. ಒಂದು ಪುಟವೆಂದರೆ ಅರ್ಧ ದಿನದ ಕೆಲಸವೆಂದು ಒಪ್ಪಿಕೊಂಡೆ. ಹದಿನೈದು ದಿನ ಕಳೆದಿದೆ, ಆರು ಸಾಲು ಆಗಿವೆ. ಎಲ್ಲಿ ಸಿಕ್ಕಿಬಿದ್ದಿದ್ದೇನೆಂಬುದನ್ನು ತಮ್ಮ ಮುಂದೆ ಇಡುತ್ತಿದ್ದೇನೆ.

ಮೊದಲು ಆ ಗಾಜಿನ ಹೆಸರು. ಇಂಗ್ಲೆಂಡಿನವರು ಅದನ್ನು ವಿಂಡ್‌ಸ್ಕ್ರೀನ್ ಎಂದರು, ಅಮೆರಿಕದವರು ವಿಂಡ್‌ಶೀಲ್ಡ್ ಎಂದರು. ಎರಡೂ ಹೆಸರುಗಳು ಕಾರಿನ ಮೇಲೆ ಮಾಡು (ಚಾವಣಿ) ಇಲ್ಲದ ಕಾಲದವು. ಮುಖಕ್ಕೆ ಬಡಿಯುವ ಗಾಳಿಯನ್ನು ತಡೆಯುವುದೇ ಆಗ ಆ ಗಾಜಿನ ಮುಖ್ಯ ಕೆಲಸವಾಗಿತ್ತು. ಆ ಹೆಸರನ್ನು ಹಾಗೆಯೇ ಕನ್ನಡಕ್ಕೆ ಇಳಿಸಿ ‘ಗಾಳಿತಡೆ’ ಎಂದು ಬರೆಯುವವರಿದ್ದಾರೆ. ನನಗೆ ಅದು ಸರಿಬರುವುದಿಲ್ಲ. ನಮ್ಮ ಭಾಗದ ರೈತರಿಗೆ ಗಾಳಿತಡೆ ಎಂದರೆ ಹೊಲದ ಬದುವಿನ ಮೇಲೆ ಹಚ್ಚುವ ಸರ್ವೆ ಮರಗಳ ಸಾಲು. ಕಾರಿನ ಬಿಲ್ಲಿನಲ್ಲಿ ಆ ಶಬ್ದವನ್ನು ಕಂಡವರು ಒಂದು ಕ್ಷಣ ನಿಂತು ಯೋಚಿಸಬೇಕಾಗುತ್ತದೆ. ಪತ್ರಿಕೆಗಳು ‘ಮುಂಭಾಗದ ಗಾಜು’ ಎಂದು ಬರೆಯುತ್ತವೆ. ಅದು ವಿವರಣೆ, ಹೆಸರಲ್ಲ. ಅಂಗಡಿಯ ಹುಡುಗರು ‘ಮುಂದಿನ ಗ್ಲಾಸು’ ಎನ್ನುತ್ತಾರೆ, ಹಳೆಯ ಲಾರಿ ಚಾಲಕರಲ್ಲಿ ‘ಮುಂದಿನ ಕಾಚು’ ಎಂಬವರೂ ಇದ್ದಾರೆ. ಸಂಸ್ಕೃತದ ಕಾಚವೇ ನಮ್ಮಲ್ಲಿ ಗಾಜಾದದ್ದನ್ನು ವ್ಯಾಕರಣ ಓದಿದವರು ಬಲ್ಲರು. ಆ ಚಾಲಕರು ಅದನ್ನು ಮರಾಠಿಯ ದಾರಿಯಿಂದ ಮತ್ತೆ ಕಾಚು ಮಾಡಿಕೊಂಡಿದ್ದಾರೆ, ಅಷ್ಟೆ.

ಹೀಗಾಗಿ ‘ಮುಂಗಾಜು’ ಎಂಬುದನ್ನು ಸೂಚಿಸುತ್ತೇನೆ. ಮುಂಗೈ, ಮುಂಗಾಲು, ಮುಂಗುರುಳುಗಳ ಸಾಲಿನಲ್ಲಿ ಅದು ತಾನಾಗಿಯೇ ಕುಳಿತುಕೊಳ್ಳುತ್ತದೆ. ಹಿಂದಿನದು ಹಿಂಗಾಜು, ಬಾಗಿಲಿನದು ಮಗ್ಗಲ ಗಾಜು. ಅಂಗಡಿಯವರಿಗೆ ಹೇಳಿದಾಗ ಅವರು ಎರಡು ಸಲ ಬಾಯಲ್ಲಿ ಅಂದು ನೋಡಿ, ‘ಮುಂಗಾರಿ ಮಳಿ ಅಂದಂಗ ಆತ್ರಿ, ನಡೀತದ’ ಎಂದರು. ಅವಳಿ ನಗರದ ಬಿ.ಆರ್.ಟಿ.ಎಸ್. ಬಸ್ಸಿಗೆ ‘ಚಿಗರಿ’ ಎಂದು ಹೆಸರಿಟ್ಟಾಗ ಯಾರೂ ಅರ್ಥ ಕೇಳಲಿಲ್ಲ. ಕೃಷ್ಣಮೃಗದ ಹೆಸರು ಹವಾನಿಯಂತ್ರಿತ ಬಸ್ಸಿಗೆ ಒಗ್ಗಿಹೋಯಿತು. ಆದರೆ ನನ್ನ ಸೂಚನೆಗೆ ನಾನೇ ಒಂದು ಅಡ್ಡಿ ಕಂಡಿದ್ದೇನೆ. ಟೆಸ್ಲಾದ ಮಾಡೆಲ್ ಎಕ್ಸ್ ಎಂಬ ಕಾರಿನಲ್ಲಿ ಈ ಗಾಜು ಬಾನೆಟ್ಟಿನ ಅಂಚಿನಿಂದ ಎದ್ದು ಮುಂದಿನ ಆಸನದವರ ತಲೆಯ ಮೇಲಿನವರೆಗೂ ಒಂದೇ ಹಾಳೆಯಾಗಿ ಹೋಗುತ್ತದೆ. ಅರ್ಧ ಮುಂಗಾಜು, ಅರ್ಧ ಮಾಡು. ಅಂಥ ಒಂದು ಗಾಡಿಗಾಗಿ ಒಳ್ಳೆಯ ಶಬ್ದವನ್ನು ಬಿಡಬೇಕಾಗಿಲ್ಲ ಎಂದು ನನ್ನ ಎಣಿಕೆ.

ಗಾಜಿನ ಜಾತಿಯ ಹೆಸರಿನಲ್ಲಿ ಇನ್ನೂ ಸ್ವಲ್ಪ ತೊಡಕಿದೆ. ಮುಂಗಾಜೆಂದರೆ ಸುಮಾರು 2 ಮಿ.ಮೀ. ದಪ್ಪದ ಎರಡು ಗಾಜಿನ ಹಾಳೆಗಳು, ನಡುವೆ ಪಿ.ವಿ.ಬಿ. ಎಂಬ ಮೆತ್ತನೆಯ ಪ್ಲಾಸ್ಟಿಕ್ಕಿನ ಪದರು. ಫ್ರಾನ್ಸಿನ ಎದ್ವಾರ್ ಬೆನೆಡಿಕ್ಟಸ್ 1909ರಲ್ಲಿ ಇಂಥ ಗಾಜಿಗೆ ಪೇಟೆಂಟ್ ಪಡೆದಾಗ ಅದಕ್ಕೆ ಕೊಟ್ಟ ಹೆಸರು ಟ್ರಿಪ್ಲೆಕ್ಸ್. ಅವನು ಪದರುಗಳನ್ನು ಎಣಿಸಿ ಹೆಸರಿಟ್ಟ. ಮುಪ್ಪುರಿಯಂತೆ ನಾವೂ ‘ಮುಪ್ಪದರು ಗಾಜು’ ಎನ್ನಬಹುದಿತ್ತು, ಆದರೆ ಕೇಳಿದವರ ಕಿವಿಗೆ ಮೊದಲು ಬೀಳುವುದು ಮುಪ್ಪು. ಸುಮ್ಮನೆ ‘ಪದರುಗಾಜು’ ಎಂದರೆ ಸಾಕು. ಪದರಿನ ಚಪಾತಿ ತಿಂದವರಿಗೆ ವಿವರಣೆ ಬೇಡ. ವಿದ್ಯುತ್ ಕಾರಿನಲ್ಲಿ ಎಂಜಿನ್ನಿನ ಸಪ್ಪಳ ಇಲ್ಲದ್ದರಿಂದ ಗಾಳಿಯ ಸಪ್ಪಳ ಎದ್ದು ಕೇಳುತ್ತದೆ, ಆ ಕಾರಣಕ್ಕೆ ಈ ನಡುಪದರನ್ನೇ ಸಪ್ಪಳ ನುಂಗುವಂತೆ ಮಾಡಿರುತ್ತಾರೆ. ವೇಗದ ಅಂಕಿಯನ್ನು ಗಾಜಿನಲ್ಲಿಯೇ ಮೂಡಿಸುವ ಗಾಡಿಗಳಲ್ಲಿ ಇದೇ ಪದರು ಕೆಳಗೆ ತೆಳ್ಳಗೆ, ಮೇಲೆ ಬರುತ್ತ ದಪ್ಪಗೆ ಇರುತ್ತದೆ. ಇಲ್ಲದಿದ್ದರೆ ಗಾಜಿನ ಒಳಮೈ ಒಂದು ಬಿಂಬವನ್ನೂ ಹೊರಮೈ ಇನ್ನೊಂದು ಬಿಂಬವನ್ನೂ ಕೊಟ್ಟು, 60 ಎಂಬ ಅಂಕಿ ಒಂದರ ಹೆಗಲ ಮೇಲೆ ಒಂದು ನಿಂತಂತೆ ಜೋಡಿಯಾಗಿ ಕಾಣುತ್ತದೆ. ಇದಕ್ಕೆ ‘ಬೆಣೆಪದರು’ ಎಂದು ಬರೆದಿದ್ದೇನೆ. ಬಡಿಗರ ಬೆಣೆಯ ಆಕಾರವೇ ಅದು. ಆಕ್ಷೇಪವಿದ್ದರೆ ತಿಳಿಸಿ.

ಇನ್ನು ಏಟು ಬಿದ್ದಾಗ ಆಗುವುದರ ಹೆಸರು. ಕಳೆದ ವಾರ ಅಂಗಡಿಯಲ್ಲಿ ಕುಳಿತಿದ್ದಾಗ ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿಯೊಬ್ಬರ ಬೆಲೆಬಾಳುವ ವಿದ್ಯುತ್ ಕಾರು ಬಂದಿತ್ತು. ಬೈಪಾಸಿನಲ್ಲಿ ಮುಂದೆ ಹೋಗುತ್ತಿದ್ದ ಖಡಿ ತುಂಬಿದ ಟಿಪ್ಪರಿನಿಂದ ಕಲ್ಲೊಂದು ಸಿಡಿದು ಬಡಿದಿತ್ತು. ‘ಅವತ್ತ ಬರೇ ಚಕ್ಕಿ ಎದ್ದಿತ್ತು, ಈಗ ಬಿರಕ ಓಡೇದ ನೋಡ್ರಿ’ ಎಂದು ಅಂಗಡಿಯವರು ಬೆರಳು ಇಟ್ಟು ತೋರಿಸಿದರು. ಸಾಸಿವೆಯಷ್ಟು ಕುಳಿಯಿಂದ ಹೊರಟ ಗೆರೆಯು ಗೇಣುದ್ದ ಹೋಗಿ, ಕನ್ನಡಿಯ ಹಿಂದೆ ರಸ್ತೆ ನೋಡಲೆಂದು ಇಟ್ಟಿರುವ ಕ್ಯಾಮೆರಾದ ಕಡೆಗೆ ಹೊರಳಿತ್ತು. ಹೊರಗೆ ಬಿಸಿಲು, ಒಳಗೆ ಎ.ಸಿ.ಯ ತಂಪು, ಈ ಎಳೆದಾಟದಲ್ಲಿ ಬಿರುಕು ನಿಂತಲ್ಲಿ ನಿಲ್ಲುವುದಿಲ್ಲ. ‘ಓಡು’ ಎಂಬ ಕ್ರಿಯಾಪದ ನನಗೆ ಬಹಳ ಹಿಡಿಸಿತು. ಚಕ್ಕೆ ಎದ್ದಿದ್ದರೆ ರಾಳ ತುಂಬಿ ಉಳಿಸಿಕೊಳ್ಳಬಹುದು. ಬಿರುಕು ಓಡಿದ್ದರೆ, ಅದರಲ್ಲೂ ಕ್ಯಾಮೆರಾದ ಎದುರಿಗೆ ಬಂದಿದ್ದರೆ, ಸಾಮಾನ್ಯವಾಗಿ ಬದಲಿಸಲೇಬೇಕು. ಎರಡನ್ನೂ ‘ಹಾನಿ’ ಎಂದು ಬರೆದುಬಿಟ್ಟರೆ ಗಿರಾಕಿಗೆ ಈ ಭೇದ ತಿಳಿಯುವುದಾದರೂ ಹೇಗೆ? ‘ಒಡೆಯಿತು’ ಎಂಬುದನ್ನು ಮಗ್ಗಲ ಗಾಜಿಗೆ ಮೀಸಲಿಟ್ಟಿದ್ದೇನೆ, ಏಕೆಂದರೆ ಅದು ಕಾಯಿಸಿ ಥಟ್ಟನೆ ತಣಿಸಿದ ಗಾಜು. ಒಡೆದರೆ ಕಲ್ಲುಸಕ್ಕರೆಯ ಹರಳಿನಂತೆ ಪುಡಿಯಾಗಿ ಸುರಿಯುತ್ತದೆ. ಪದರುಗಾಜು ಬಿರಿದರೂ ಪದರನ್ನು ಹಿಡಿದುಕೊಂಡೇ ನಿಂತಿರುತ್ತದೆ.

ವಿಮೆಯ ಸಾಲುಗಳಲ್ಲಿ ತೊಂದರೆ ಇಲ್ಲ. ‘ಸವಕಳಿ’ ಎಂಬ ಚೆಂದದ ಶಬ್ದ ಆಗಲೇ ರೂಢಿಯಲ್ಲಿದೆ. ವಾಹನ ವಿಮೆಯಲ್ಲಿ ರಬ್ಬರು, ಪ್ಲಾಸ್ಟಿಕ್ಕಿನ ಭಾಗಗಳಿಗೆ ಶೇಕಡಾ 50 ಸವಕಳಿ ಹಿಡಿದರೆ ಗಾಜಿಗೆ ಸವಕಳಿಯೇ ಇಲ್ಲ. ಗಾಜು ಸವೆಯುವ ವಸ್ತುವಲ್ಲವೆಂದು ಲೆಕ್ಕದವರೂ ಒಪ್ಪಿದಂತಾಯಿತು. ಫಾಸ್ಟ್ಯಾಗ್ ಹಾಗೆಯೇ ಇರಲಿ. ಹಳೆಯ ಗಾಜಿನಿಂದ ಕಿತ್ತರೆ ಅದು ಕೆಡುತ್ತದೆ, ಹೊಸದನ್ನು ಪಡೆಯಬೇಕು ಎಂಬುದಷ್ಟನ್ನು ಬರೆದಿದ್ದೇನೆ.

ಅಂಟಿನ ವಿಷಯದಲ್ಲಿ ತುಸು ನಿಲ್ಲಬೇಕು. ಹಳೆಯ ಗಾಡಿಗಳಲ್ಲಿ ಗಾಜನ್ನು ರಬ್ಬರಿನ ಬೀಡಿಂಗಿನಲ್ಲಿ ಸಿಗಿಸುತ್ತಿದ್ದರು, ಅದಕ್ಕೆ ನಮ್ಮಲ್ಲಿ ‘ಗ್ಲಾಸು ಕೂಡಿಸುವುದು’ ಎನ್ನುತ್ತಿದ್ದರು. ಈಗ ಗಾಜನ್ನು ಗಾಡಿಯ ಮೈಗೇ ಪಾಲಿಯುರಿಥೇನ್ ಅಂಟಿನಿಂದ ಬೆಸೆಯುತ್ತಾರೆ. ಇಬ್ಬರು ಹುಡುಗರು, ಒಬ್ಬ ಒಳಗೆ, ಒಬ್ಬ ಹೊರಗೆ ನಿಂತು, ಸಣ್ಣ ತಂತಿಯನ್ನು ಗರಗಸದಂತೆ ಎಳೆದಾಡಿ ಹಳೆಯ ಅಂಟನ್ನು ಕೊಯ್ದರು. ಹೊಸ ಅಂಟನ್ನು ಗನ್ನಿನಿಂದ ಕೋಡುಬಳೆಯ ಎಳೆಯಂತೆ ಎಲ್ಲಿಯೂ ತುಂಡಾಗದ ಹಾಗೆ ಅಂಚಿನುದ್ದಕ್ಕೂ ಬಿಟ್ಟರು. ಮೇಲಿನ ಎರಡು ಮೂಲೆಗಳಲ್ಲಿ ಹುಡುಗನ ಕೈ ನಿಧಾನವಾದದ್ದನ್ನು ಗಮನಿಸಿದೆ. ಅಲ್ಲಿ ಎಳೆ ತೆಳುವಾದರೆ ಮುಂದಿನ ಮಳೆಗಾಲದಲ್ಲಿ ನೀರು ಒಳಗಿಳಿಯುತ್ತದಂತೆ. ಆಮೇಲೆ ಕಾಯಬೇಕು. ಈ ಕಾಯುವಿಕೆಗೆ ‘ಅಂಟು ಒಣಗುವುದು’ ಎಂದು ನಾನು ಮೊದಲು ಬರೆದಿದ್ದೆ, ಅಂಗಡಿಯವರು ಹೊಡೆದುಹಾಕಿದರು. ಈ ಅಂಟು ಒಣಗುವುದಿಲ್ಲ. ಗಾಳಿಯಲ್ಲಿರುವ ಪಸೆಯನ್ನು ಹೀರಿಕೊಂಡೇ ಗಟ್ಟಿಯಾಗುತ್ತದೆ. ಒಣಗಬೇಕೆಂದು ಹೇಳಿದರೆ ಒಣ ಹವೆ ಒಳ್ಳೆಯದೆಂದು ಜನ ತಿಳಿಯುತ್ತಾರೆ, ನಿಜವಾಗಿ ತೀರ ಒಣ ಹವೆಯಲ್ಲಿ ಅದು ತಡವಾಗುತ್ತದೆ. ಹೆಪ್ಪುಗಟ್ಟುವುದು ಎಂದರೆ ಮೊಸರಿನ ನೆನಪು, ಸೆಟ್ ಆಗುವುದು ಎಂದರೆ ಕನ್ನಡವಿಲ್ಲವೆಂಬ ಸಂಕಟ. ಕಡೆಗೆ ‘ಬಲಿಯುವುದು’ ಎಂಬುದನ್ನು ಹಿಡಿದಿದ್ದೇನೆ. ಕಾಯಿ ಬಲಿಯುತ್ತದೆ, ಎಲುಬು ಬಲಿಯುತ್ತದೆ. ಒಳಗಿನಿಂದ, ಹೊತ್ತು ತೆಗೆದುಕೊಂಡು, ಬಲ ಪಡೆಯುವುದೆಲ್ಲ ಬಲಿಯುವುದೇ. ‘ಅಂಟು ಬಲಿಯುವವರೆಗೆ ಗಾಡಿಯನ್ನು ಹೊರಗೆ ಒಯ್ಯಬಾರದು’ ಎಂಬ ವಾಕ್ಯ ಅಂಗಡಿಯವರಿಗೂ ಒಪ್ಪಿಗೆಯಾಯಿತು. ಕಾರಣವನ್ನೂ ಸೇರಿಸಿದ್ದೇನೆ: ಅಪಘಾತದಲ್ಲಿ ಪಕ್ಕದ ಆಸನದ ಏರ್‌ಬ್ಯಾಗು ಉಬ್ಬುವಾಗ ಮುಂಗಾಜಿಗೆ ಆತುಕೊಂಡೇ ಉಬ್ಬುತ್ತದೆ, ಅಂಟು ಇನ್ನೂ ಬಲಿತಿರದಿದ್ದರೆ ಗಾಜೇ ಕಿತ್ತು ಹೊರಗೆ ಹೋದೀತು.

ಈಗ ನಾನು ನಿಜವಾಗಿ ಕೇಳಬೇಕಾದ ಪ್ರಶ್ನೆಗೆ ಬರುತ್ತೇನೆ. ಬಿಲ್ಲಿನ ಕಡೆಯ ಸಾಲಿನಲ್ಲಿ ‘ಕ್ಯಾಲಿಬ್ರೇಶನ್’ ಎಂದಿದೆ. ಮುಂಗಾಜಿನ ಹಿಂದೆ, ಕನ್ನಡಿಯ ಬುಡದಲ್ಲಿ ಕುಳಿತ ಕ್ಯಾಮೆರಾ ರಸ್ತೆಯ ಗೆರೆಗಳನ್ನೂ ಮುಂದಿನ ಗಾಡಿಯನ್ನೂ ನೋಡುತ್ತಿರುತ್ತದೆ. ಅದು ಕಂಡದ್ದನ್ನು ನಂಬಿ ಗಾಡಿ ತಾನಾಗಿ ಬ್ರೇಕು ಹಾಕುತ್ತದೆ, ಸ್ಟಿಯರಿಂಗ್ ತಿರುವುತ್ತದೆ. ಗಾಜು ಬದಲಾದಾಗ ಅದರ ನೋಟ ಕೂದಲೆಳೆಯಷ್ಟು ಸರಿದಿರಬಹುದು. ಒಂದೇ ಡಿಗ್ರಿ ಸರಿದರೂ 50 ಮೀಟರ್ ಮುಂದೆ ಅದು ಸುಮಾರು 87 ಸೆಂಟಿಮೀಟರಿನ ತಪ್ಪಾಗುತ್ತದೆ. ಪಕ್ಕದ ಸಾಲಿನಲ್ಲಿರುವ ಬೈಕು ನಮ್ಮ ಎದುರಿಗೇ ಇದ್ದಂತೆ ಕಂಡೀತು. ಅದನ್ನು ಸರಿಪಡಿಸಲು ಸಮತಟ್ಟಾದ ನೆಲದ ಮೇಲೆ ಗಾಡಿ ನಿಲ್ಲಿಸಿ, ಅಳೆದ ದೂರದಲ್ಲಿ ಕಪ್ಪು ಬಿಳಿ ಚೌಕಗಳ ಫಲಕವನ್ನಿಟ್ಟು ಕ್ಯಾಮೆರಾಕ್ಕೆ ತೋರಿಸುತ್ತಾರೆ. ಕೆಲವು ಗಾಡಿಗಳನ್ನು ಗೆರೆಗಳು ಸ್ಪಷ್ಟವಾಗಿರುವ ಹೆದ್ದಾರಿಯಲ್ಲಿ, ಹುಬ್ಬಳ್ಳಿಯವರಾದರೆ ಕಿತ್ತೂರಿನ ಕಡೆಗೆ, ಓಡಿಸಿಯೇ ಸರಿಪಡಿಸಬೇಕಾಗುತ್ತದೆ. ಬ್ಯಾಡಗಿಯ ವ್ಯಾಪಾರಿಗಳು ಇಷ್ಟಕ್ಕೇಕೆ ಇಷ್ಟು ದುಡ್ಡು ಎಂದು ಕೇಳಿದಾಗ ಅಂಗಡಿಯವರು ಕೊಟ್ಟ ಉತ್ತರವನ್ನು ಹಾಗೆಯೇ ಬರೆಯುತ್ತೇನೆ: ‘ಸಾಹುಕಾರ್ರ, ಹೊಸಾ ಚಾಳೀಸ ಹಾಕ್ಕೊಂಡ್ರ ಮೆಟ್ಟಲಾ ಮ್ಯಾಲ ಕೆಳಗ ಕಾಣತಾವಲ್ರಿ? ಗ್ಲಾಸ ಬದ್ಲಿ ಆದಮ್ಯಾಲ ಕ್ಯಾಮೆರಾಕ್ಕೂ ನಂಬರ ತಗಸಬೇಕ್ರಿ.’ ಚಾಳೀಸವೆಂದರೆ ಕನ್ನಡಕ, ನಂಬರು ತೆಗೆಸುವುದೆಂದರೆ ಕಣ್ಣು ಪರೀಕ್ಷೆ ಮಾಡಿಸಿ ಅದರ ಗಾಜಿನ ಅಳತೆ ಗೊತ್ತುಮಾಡಿಸುವುದು. ವ್ಯಾಪಾರಿಗಳು ಮತ್ತೆ ಮಾತಾಡಲಿಲ್ಲ.

‘ಮಾಪನಾಂಕ ನಿರ್ಣಯ’ ಎಂಬ ಶಬ್ದ ಜಾಲದಲ್ಲಿ ಓಡಾಡುತ್ತಿದೆ. ತಕ್ಕಡಿಗೋ ಉಷ್ಣಮಾಪಕಕ್ಕೋ ಅದು ಹೊಂದೀತು, ಅಲ್ಲಿ ಅಂಕವಿದೆ. ಇಲ್ಲಿ ನಿರ್ಣಯವಾಗುವ ಅಂಕ ಯಾವುದು? ‘ಹೊಂದಾಣಿಕೆ’ ಎಂದರೆ ಚುನಾವಣೆಯ ಕಾಲದ ಹೊಂದಾಣಿಕೆಯೇ ಮೊದಲು ಕಣ್ಣ ಮುಂದೆ ಬರುತ್ತದೆ. ಧಾರವಾಡದವನಾದ್ದರಿಂದ ತಂಬೂರಿಯ ‘ಶ್ರುತಿಗೂಡಿಸು’ ಎಂಬುದನ್ನೂ ಯೋಚಿಸಿದೆ. ಕಿವಿಯ ಶಬ್ದವನ್ನು ಕಣ್ಣಿಗೆ ಕೊಟ್ಟಂತೆ ಆಗುತ್ತದೆಂದು ಬಿಟ್ಟೆ. ‘ದೃಷ್ಟಿ’ ಎಂಬುದರ ಗೊಡವೆಯೇ ಬೇಡ. ಕ್ಯಾಮೆರಾದ ದೃಷ್ಟಿ ತೆಗೆಯಬೇಕು ಎಂದರೆ ಗಿರಾಕಿಗಳು ನಿಂಬೆಹಣ್ಣು ಮೆಣಸಿನಕಾಯಿ ತಂದು ಕಟ್ಟುತ್ತಾರೆ, ಮೆಣಸಿನಕಾಯಿಗಂತೂ ಬ್ಯಾಡಗಿಯವರಲ್ಲಿ ಕೊರತೆ ಇಲ್ಲ. ‘ನಂಬರು ತೆಗೆಸುವುದು’ ಮಾತಿನಲ್ಲಿ ಅತಿ ಸೊಗಸಾಗಿದ್ದರೂ ಬಿಲ್ಲಿನಲ್ಲಿ ಬರೆದರೆ ಆರ್.ಟಿ.ಓ. ನಂಬರೆಂದು ತಿಳಿಯುವ ಅಪಾಯವಿದೆ.

ನಾನು ತಲುಪಿರುವುದು ‘ನೋಟ ಕೂಡಿಸುವುದು’ ಎಂಬಲ್ಲಿಗೆ. ಕ್ಯಾಮೆರಾ ಕಂಡದ್ದೂ ಇರುವುದೂ ಒಂದಕ್ಕೊಂದು ಕೂಡಬೇಕು. ಮೊದಲು ಗಾಜು ಕೂಡಿಸುವುದು, ಆಮೇಲೆ ನೋಟ ಕೂಡಿಸುವುದು ಎಂದರೆ ನಮ್ಮ ಕಡೆಯವರಿಗೆ ಕೆಲಸದ ಸರಣಿಯೂ ಹೊಳೆಯುತ್ತದೆ. ಆದರೆ ಮೈಸೂರಿನ ಕಡೆಯ ಗೆಳೆಯರೊಬ್ಬರು, ಕೂಡಿಸುವುದೆಂದರೆ ತಮಗೆ ಲೆಕ್ಕದ ಸಂಕಲನವೇ ಎಂದು ತಕರಾರು ತೆಗೆದಿದ್ದಾರೆ. ಅದಕ್ಕಿಂತ ದೊಡ್ಡ ತೊಂದರೆ ಎಂದರೆ ಬಿಲ್ಲಿಗೆ ಬೇಕಾದದ್ದು ನಾಮಪದ. ‘ಕೂಡಿಕೆ’ ಎಂದು ಮಾಡಿದರೆ ನಮ್ಮ ಹಳ್ಳಿಗಳಲ್ಲಿ ಅದಕ್ಕೆ ಎರಡನೆಯ ಮದುವೆಯ ಅರ್ಥವಿದೆ. ಹಿರಿಯರೊಬ್ಬರಿಗೆ ಓದಿ ತೋರಿಸಿದಾಗ ಅವರು ನಕ್ಕ ನಗೆಗೆ ನಾನು ಕಾಗದ ಮಡಚಿಟ್ಟುಕೊಂಡೆ.

ಆದ್ದರಿಂದ ಗದಗಿನ ಸದಸ್ಯರಲ್ಲಿ ಒಂದು ವಿಶೇಷ ಕೋರಿಕೆ. ಈ ತಿಳಿವಳಿಕೆ ಪತ್ರ ಅಚ್ಚಾಗುವುದು ನಿಮ್ಮ ಊರಿನಲ್ಲಿಯೇ. ಬಣ್ಣದ ಮುದ್ರಣದಲ್ಲಿ ನಾಲ್ಕು ಬಣ್ಣಗಳ ಅಚ್ಚುಗಳು ಕೂದಲೆಳೆಯೂ ಸರಿಯದೆ ಒಂದರ ಮೇಲೊಂದು ಬೀಳುವಂತೆ ಮಾಡುವ ಕೆಲಸವಿದೆಯಲ್ಲ, ಅದೂ ಇದೇ ಜಾತಿಯದು. ಮುದ್ರಣಾಲಯಗಳ ಹಳೆಯ ಕೆಲಸಗಾರರು ಅದಕ್ಕೆ ಇಂಗ್ಲಿಷಿನದಲ್ಲದ ಒಂದು ಹೆಸರನ್ನು ಬಳಸುತ್ತಿದ್ದರೆ, ಅವರು ಆಡುವ ರೂಪದಲ್ಲಿಯೇ ಬರೆದು ತಿಳಿಸಬೇಕು. ಹಾವೇರಿ ಕಡೆಯ ಗೌಂಡಿಗಳು ಗಚ್ಚಿಗೂ ‘ಬಲಿಯಿತು’ ಎನ್ನುತ್ತಾರೆಯೇ ಎಂಬುದನ್ನು ಬಲ್ಲವರು ಹೇಳಿದರೆ ಉಪಕಾರವಾಗುತ್ತದೆ. ಉಳಿದ ಪುಟವನ್ನು ಈ ವಾರದಲ್ಲಿ ಮುಗಿಸುತ್ತೇನೆ. ಬಿಲ್ಲಿನ ಆ ಕಡೆಯ ಸಾಲಿನ ಜಾಗವನ್ನು ಖಾಲಿ ಬಿಟ್ಟಿದ್ದೇನೆ.