ಅಪ್‌ಡೇಟ್: ತಂಗಿಯ ಜಂಪ್ ಏರಿತು, ಮಂಡಿನೋವು ಇಳೀತು

ಮೂರು ವಾರದ ಹಿಂದೆ ಇಲ್ಲಿ ಕೇಳಿದ್ದೆನಲ್ಲ, ವಿರಾಜಪೇಟೇಲಿ ವಾಲಿಬಾಲ್ ಆಡೋ ನನ್ನ ತಂಗಿ ಎಷ್ಟು ಪ್ರಾಕ್ಟೀಸ್ ಮಾಡಿದ್ರೂ ಎತ್ತರ ಹಾರಕ್ಕಾಗ್ತಿಲ್ಲ, ಜೊತೆಗೆ ಮಂಡಿಚಿಪ್ಪಿನ ಕೆಳಗೆ ನೋವು ಅಂತ. ಕೆಲಸ ಮಾಡಿದ್ದು 'ಹಾರೋದಕ್ಕಿಂತ ಮೊದಲು ಇಳಿಯೋದು ಕಲಿಸಿ' ಅಂತ ಇಲ್ಲಿ ಉತ್ತರ ಕೊಟ್ಟ ಅಕ್ಕನ ಸಲಹೆ, ತುಂಬಾ ಥ್ಯಾಂಕ್ಸ್ ಅಕ್ಕ. ಫೋನಲ್ಲಿ ಸೆಕೆಂಡಿಗೆ 240 ಫ್ರೇಮಿನ ಸ್ಲೋಮೋಷನ್ ತೆಗೆದು ನೋಡಿದ್ರೆ ಇಳಿಯುವಾಗ ಎರಡೂ ಮಂಡಿ ಒಳಗೆ ವಾಲ್ತಿತ್ತು, ಹಾರುವಾಗ ಬೇರೆ ಕೆಳಗೆ ಬಗ್ಗಿ ಒಂದು ಕ್ಷಣ ನಿಂತುಬಿಡ್ತಿದ್ಲು, ಅಷ್ಟರಲ್ಲಿ ಸ್ನಾಯುರಜ್ಜು (ಸ್ನಾಯುವನ್ನ ಮೂಳೆಗೆ ಕಟ್ಟೋ ನಾರು) ಎಳೆದು ಹಿಡಿದಿದ್ದ ಶಕ್ತಿ ಪೋಲಾಗಿಬಿಡುತ್ತೆ. ಈಗ ಬಗ್ಗಿದ ತಕ್ಷಣ ಕೈ ಜೋರಾಗಿ ಬೀಸಿ ಹಾರ್ತಾಳೆ, ಇಳಿಯುವಾಗ ಕಾಲು ನೆಲ ಮುಟ್ಟಿದ ಕೂಡಲೇ ಸೊಂಟ ಮಂಡಿ ಎರಡೂ ಮಡಚಿ ಸದ್ದಿಲ್ಲದೆ ಇಳೀತಾಳೆ.

ಕಾಲಿಗೆ ಮರಳಿನ ಚೀಲ ಕಟ್ಟೋದು ನಮಗೆ ಆಗ್ಲಿಲ್ಲ, ಎರಡೇ ದಿನಕ್ಕೆ ನೋವು ಜಾಸ್ತಿ ಆಗಿ ಬಿಟ್ವಿ. ಕಾಫಿ ಒಣಗಿಸೋ ಸಿಮೆಂಟ್ ಕಣದಲ್ಲಿ ದಿನಾ ಹಾರೋದನ್ನೂ ನಿಲ್ಲಿಸಿ ವಾರಕ್ಕೆ ಎರಡೇ ದಿನ, ಹುಲ್ಲಿನ ಮೇಲೆ.

ನನಗೆ ಆಶ್ಚರ್ಯ ಆಗಿದ್ದು ಎತ್ತರ ಅಳೆಯೋಕೆ ಟೇಪೇ ಬೇಡ ಅನ್ನೋದು. ಗಾಳೀಲಿದ್ದ ಸಮಯದ (ಸೆಕೆಂಡಲ್ಲಿ) ವರ್ಗವನ್ನ 1.23ರಿಂದ ಗುಣಿಸಿದ್ರೆ ಮೀಟರಲ್ಲಿ ಎತ್ತರ ಸಿಗುತ್ತೆ, ಆದ್ರೆ ಇಳಿಯುವಾಗ ಕಾಲು ನೆಲ ಮುಟ್ಟೋ ತನಕ ನೇರವಾಗೇ ಇರ್ಬೇಕು. ಮೊದಲು ಅವಳು ಗಾಳೀಲಿದ್ದದ್ದು 120 ಫ್ರೇಮ್, ಅಂದ್ರೆ ಅರ್ಧ ಸೆಕೆಂಡ್, ಸುಮಾರು 31 ಸೆಂಟಿಮೀಟರ್. ಮೊನ್ನೆ 126 ಬಂತು, ಹತ್ತಿರ ಹತ್ತಿರ 34! ಮೆಟ್ಟಿಲು ಇಳಿಯುವಾಗ ಸ್ವಲ್ಪ ನೋವು ಇನ್ನೂ ಇದೆ, ಫಿಸಿಯೋ ಹತ್ರ ತೋರಿಸ್ತಿದೀವಿ.